ಮೊಹರು ಒಡೆಯದ ಎರಡು ಡಬ್ಬಿ

ಬ್ಯಾಂಕನ್ನು ನಂಬುವ ಗಂಡಸು ಅಮೆರಿಕದ ಐಡಹೊದ ನಮ್ಮ ಬೆಳ್ಳಿ ಕಣಿವೆಯಲ್ಲಿ ಯಾರಾದರೂ ಸಿಕ್ಕರೆ ನನಗೂ ತೋರಿಸಿ. ನನ್ನ ಗಂಡ ಲೈಲ್ ಮೂವತ್ತೊಂದು ವರ್ಷ ಗಣಿಗೆ ಇಳಿದವನು. ಸಂಬಳದ ದಿನ ಮನೆಗೆ ಬರುವ ಮೊದಲೇ ನಾಣ್ಯದ ಅಂಗಡಿಗೆ ಹೋಗಿ ಬೆಳ್ಳಿ ಕೊಳ್ಳುತ್ತಿದ್ದ. ಹಾಗೆ ಹೊಟ್ಟೆ ಬಾಯಿ ಕಟ್ಟಿ ಕೂಡಿಟ್ಟ ಬೆಳ್ಳಿಯನ್ನೆಲ್ಲ ಕೊಟ್ಟು, ಕೊನೆಗೆ ಎರಡು ಡಬ್ಬಿ ಚಿನ್ನ ತಂದ. ಒಂದೊಂದರಲ್ಲಿ ಇಪ್ಪತ್ತು ನಾಣ್ಯ. ಟಂಕಸಾಲೆಯಿಂದ ಬಂದ ಹಾಗೇ ಇದ್ದ, ಒಳಗಿನದು ಕಾಣದ ಪ್ಲಾಸ್ಟಿಕ್ ಡಬ್ಬಿಗಳು, ಮುಚ್ಚಳದ ಮೇಲೆ ಮೊಹರಿನ ಪಟ್ಟಿ.

ಆ ಪಟ್ಟಿಯನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಮೊಹರಿದ್ದ ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ, ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಒಡೆದದ್ದಾದರೆ ಅಂಗಡಿಯವನು ಒಂದೊಂದನ್ನೂ ತೂಗಿ, ಉಜ್ಜಿ, ನಿಮ್ಮನ್ನೇ ಕಳ್ಳರ ಹಾಗೆ ನೋಡಿ ಬೆಲೆ ಇಳಿಸುತ್ತಾನೆ. ಮೊಹರು ಒಡೆದರೆ ಬೆಲೆ ಒಡೆಯಿತು ಅನ್ನುವುದು ನಮ್ಮ ಮನೆಯಲ್ಲಿ ಊಟದ ಮೊದಲಿನ ಪ್ರಾರ್ಥನೆಯಷ್ಟೇ ಸಲ ಕೇಳಿದ ಮಾತು.

ಆರು ವರ್ಷದ ಹಿಂದೆ ನನ್ನ ಎಡ ದವಡೆಯ ಹಲ್ಲು ಹೋಯಿತು. ಹೊಸದು ಕಟ್ಟಿಸಲು ನಾಣ್ಯ ಎರಡು ಮಾರೋಣ ಎಂದೆ. ಒಂದು ಹಲ್ಲಿಗೋಸ್ಕರ ಮೊಹರು ಒಡೀತೀಯಾ ಎಂದು ಲೈಲ್ ಕೇಳಿದ ರೀತಿಗೆ ನಾನೇ ನಾಚಿಕೊಂಡೆ. ಅಂದಿನಿಂದ ಬಲಗಡೆಯೇ ಅಗಿಯುತ್ತಿದ್ದೇನೆ.

ಅವನಿಗೆ ಇದ್ದದ್ದು ಮೀನಿನ ಚಟ ಒಂದೇ, ಅಂತ ನಾನು ತಿಳಿದಿದ್ದೆ. ಗಣಿ ಬಿಟ್ಟ ಮೇಲೆ ಹನ್ನೊಂದು ವರ್ಷ, ಶನಿವಾರ ಬಂತೆಂದರೆ ಗಾಳ ಹಿಡಿದು ಬೆಟ್ಟದ ತೊರೆಗೆ ಹೋಗುತ್ತಿದ್ದ. ತರುತ್ತಿದ್ದ ಮೀನು ಬೆಕ್ಕಿಗೂ ಸಾಲುತ್ತಿರಲಿಲ್ಲ. ಚಳಿಗಾಲದಲ್ಲಿ ಗ್ಯಾರೇಜಿನಲ್ಲಿ ಕೂತು ಗಾಳಕ್ಕೆ ಕಟ್ಟುವ ಸೀಸದ ಗುಂಡು ಎರೆಯುತ್ತಿದ್ದ. ಸೀಸ ಕರಗಿಸಲು ಪಾತ್ರೆ ಬೇಕೆಂದಾಗ ನನ್ನ ಅಮ್ಮನ ಕಬ್ಬಿಣದ ಬಾಣಲೆಯನ್ನೇ ಕೊಟ್ಟೆ. ನಿನ್ನ ಮೀನಿಗಿಂತ ನಿನ್ನ ಸೀಸವೇ ಜಾಸ್ತಿಯಾಯಿತಲ್ಲೋ ಎಂದು ಛೇಡಿಸುತ್ತಲೂ ಇದ್ದೆ. ಅವನೂ ನಗುತ್ತಿದ್ದ. ನಗುತ್ತಿದ್ದನಲ್ಲ, ಅದನ್ನೇ ನನಗೆ ಮರೆಯಲಾಗುತ್ತಿಲ್ಲ.

ಈ ವಸಂತದಲ್ಲಿ ನನ್ನ ತಂಗಿ ಐರೀನ್ ಫೋನ್ ಮಾಡಿದಳು. ಅವಳಿರುವುದು ಗಡಿಯ ಆಚೆ, ಕೆನಡಾದಲ್ಲಿ. ಗಂಡ ಸತ್ತಿದ್ದ, ಮನೆಯ ಅರ್ಧ ಪಾಲು ಮೈದುನನದು, ಅವನಿಗೆ ತಿಂಗಳೊಳಗೆ ದುಡ್ಡು ಬೇಕು. ಕೊಡದಿದ್ದರೆ ಮನೆ ಮಾರಾಟಕ್ಕೆ. ಆ ಅರ್ಧವನ್ನು ನಾವು ಕೊಳ್ಳುತ್ತೇವೆ, ಮೂವರೂ ಒಟ್ಟಿಗೆ ಇರೋಣ ಎಂದೆ. ಮೈದುನ ಚಿನ್ನವನ್ನೇ ತೆಗೆದುಕೊಳ್ಳಲು ಒಪ್ಪಿದ, ಮೊಹರು ಇದ್ದರೆ ಸಾಕಂತೆ. ಐರೀನ್ ಫೋನಿನಲ್ಲೇ ಅತ್ತಳು. ಲೈಲ್ ಮಾತ್ರ ಎರಡು ವಾರ ಒಂದೊಂದು ನೆಪ ತೆಗೆದ: ಬೆನ್ನುನೋವು, ಟ್ರಕ್ಕಿನ ಟೈರು, ಹಿಮ. ನಾನು ಹಿಡಿದ ಪಟ್ಟು ಬಿಡಲಿಲ್ಲ.

ಗಡಿಗೆ ಹೋಗುವ ದಾರಿಯುದ್ದಕ್ಕೂ ಅವನದು ಒಂದೇ ರಾಗ.

"ಚಿನ್ನದ ಸುದ್ದಿ ಎತ್ತಬೇಡ ವರ್ನಾ. ಏನಿದೆ ಅಂತ ಕೇಳಿದ್ರೆ ಸ್ಯಾಂಡ್‌ವಿಚ್ ಇದೆ ಅನ್ನು, ಸಾಕು."

ನಾನು ಒಪ್ಪಲಿಲ್ಲ. ಹೇಳಿದರೆ ಒಂದು ಫಾರಂ ತುಂಬಿಸಿಕೊಂಡು ಬಿಡುತ್ತಾರೆ, ಬಚ್ಚಿಟ್ಟು ಸಿಕ್ಕಿಬಿದ್ದರೆ ಎಲ್ಲ ಕಿತ್ತುಕೊಳ್ಳುತ್ತಾರೆ. ನಮ್ಮ ಜೀವಮಾನದ ಗಳಿಕೆ, ಕದ್ದ ಮಾಲೇನಲ್ಲವಲ್ಲ ಎಂದೆ. ಚೌಕಿಯ ಕಿಟಕಿಯಲ್ಲಿ ಕೇಳಿದ ಕೂಡಲೇ, ಚಿನ್ನವಿದೆ, ಎರಡು ಡಬ್ಬಿ ಎಂದು ಎದೆಯುಬ್ಬಿಸಿ ಹೇಳಿದೆ.

ಒಳಗೆ ಕರೆದರು. ನಡುವಯಸ್ಸಿನ ಅಧಿಕಾರಿಣಿ, ಮೆದು ಮಾತಿನವಳು. ಒಂದು ಡಬ್ಬಿ ಕೈಯಲ್ಲಿ ಹಿಡಿದವಳೇ ಹುಬ್ಬು ಗಂಟಿಕ್ಕಿದಳು. ತಕ್ಕಡಿಯ ಮೇಲಿಟ್ಟಳು. ಇನ್ನೊಂದನ್ನೂ ಇಟ್ಟಳು. ಚಿನ್ನಕ್ಕೆ ಈ ತೂಕ ತೀರಾ ಕಡಿಮೆ, ತೆರೆದು ನೋಡಬೇಕು ಎಂದಳು. ನಾನು ಬಿಡುತ್ತೇನೆಯೇ? ನಿಮ್ಮ ತಕ್ಕಡಿ ಕೆಟ್ಟಿರಬೇಕು, ಮೊಹರು ಒಡೆದರೆ ನಷ್ಟ ಕಟ್ಟಿಕೊಡುವವರು ಯಾರು, ನಿಮ್ಮ ಮೇಲಿನವರನ್ನು ಕರೆಯಿರಿ ಎಂದು ಹತ್ತು ನಿಮಿಷ ಜಗಳಾಡಿದೆ. ಅವನ ಸುಳ್ಳಿಗೆ ನಾನೇ ವಕೀಲಳಾಗಿ ನಿಂತಿದ್ದೆ. ಲೈಲ್ ತನ್ನ ಬೂಟು ನೋಡುತ್ತಾ ಕೂತಿದ್ದ.

ಅವಳು ಪಟ್ಟಿ ಕತ್ತರಿಸಿ ಡಬ್ಬಿಯನ್ನು ಬಟ್ಟೆಯ ಮೇಲೆ ಸುರಿದಳು. ಬೂದು ಬಣ್ಣದ ಬಿಲ್ಲೆಗಳು ಬಿದ್ದವು. ಇದು ಸೀಸ ಎಂದು ಅವಳು ಹೇಳುವ ಮೊದಲೇ ನನಗೆ ತಿಳಿಯಿತು. ಆ ಬಣ್ಣವನ್ನು ಅಮ್ಮನ ಬಾಣಲೆಯ ತಳದಲ್ಲಿ ಹನ್ನೊಂದು ಚಳಿಗಾಲ ನೋಡಿದ್ದೇನೆ. ಎರಡನೆಯದರಲ್ಲೂ ಅದೇ.

ಅಂಗಡಿಯವನು ಮೋಸ ಮಾಡಿದನೇನೋ ಎಂದು ಅಧಿಕಾರಿಣಿ ಅಂದಳು. ಪುಣ್ಯಾತ್ಗಿತ್ತಿ, ನನಗೆ ತಪ್ಪಿಸಿಕೊಳ್ಳಲು ಒಂದು ದಾರಿ ಕೊಟ್ಟಳು. ನಾನು ಲೈಲ್ ಕಡೆ ತಿರುಗಿದೆ. ಆಗ ಅವನು ಬಾಯಿಬಿಟ್ಟ. ತೊರೆಯಲ್ಲಿ ಅವನು ಮೀನು ಹಿಡಿಯುತ್ತಿರಲಿಲ್ಲ. ಬೆಟ್ಟದ ಮೇಲೆ ಒಂದು ಹಳೆಯ ಸುರಂಗದ ಹಕ್ಕು ಕೊಂಡಿದ್ದ. ಸಿಡಿಮದ್ದು, ಸುರಂಗಕ್ಕೆ ಮರದ ಆಸರೆ, ಬಾಡಿಗೆ ಯಂತ್ರ, ಎಲ್ಲವೂ ಆ ನಲವತ್ತು ನಾಣ್ಯದಿಂದ. ಪಟ್ಟಿಯನ್ನು ನನ್ನ ಚಹದ ಕೆಟಲಿನ ಹಬೆಗೆ ಹಿಡಿದು ಬಿಡಿಸಿ, ಮತ್ತೆ ಅಂಟಿಸುತ್ತಿದ್ದನಂತೆ. ಮೂವತ್ತೊಂದು ವರ್ಷ ಬೇರೆಯವರಿಗೆ ಬೆಳ್ಳಿ ಅಗೆದು ಕೊಟ್ಟವನಿಗೆ ಬಂಡೆಯೊಳಗೆ ತನ್ನದೇ ಒಂದು ಬೆಳ್ಳಿಯ ಎಳೆ ಬೇಕಾಗಿತ್ತು.

"ಇನ್ನು ನಲವತ್ತೇ ಅಡಿ ಇತ್ತು ಕಣೇ. ನಲವತ್ತು ಅಡಿ ಹೋಗಿದ್ರೆ ಸಿಕ್ತಿತ್ತು."

ಚಿನ್ನ ಹೋದದ್ದಕ್ಕೆ ನಾನು ಅಳುತ್ತಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಗಣಿಯವನ ಹೆಂಡತಿಗೆ ಸುರಂಗದ ಹುಚ್ಚು ಏನೆಂದು ಗೊತ್ತಿಲ್ಲವೇ. ಬೈದು, ಎರಡು ತಿಂಗಳು ಮಾತು ಬಿಟ್ಟು, ಸುಮ್ಮನಾಗುತ್ತಿದ್ದೆ.

"ಐರೀನ್‌ಗೆ ಏನು ಕೊಡೋಣ ಅಂತಿದ್ದೆ ನೀನು?" ಎಂದು ಕೇಳಿದೆ.

"ಅವರು ಒಡೀತಿರಲಿಲ್ಲ. ಯಾರು ಒಡೀತಾರೆ ಹೇಳು?"

ಅಂದರೆ ನನ್ನ ಕೈಯಿಂದಲೇ ನನ್ನ ತಂಗಿಯ ಮನೆಗೆ ಸೀಸ ಕೊಡಿಸಲು ತಯಾರಾಗಿ ಬಂದಿದ್ದ. ಆ ಮೈದುನ ಇಂದಲ್ಲ ನಾಳೆ ಮೊಹರು ಒಡೆದು ನೋಡಿದಾಗ ಕಳ್ಳಿ ಅನ್ನಿಸಿಕೊಳ್ಳುವವರು ಯಾರು? ಐರೀನ್, ಅವಳ ಹಿಂದೆ ನಾನು. ನಾಲಿಗೆ ತಾನಾಗಿ ಎಡಗಡೆಯ ಖಾಲಿ ವಸಡಿಗೆ ಹೋಯಿತು.

ಫಾರಂನಲ್ಲಿ ಏನು ಬರೆಯಲಿ ಎಂದು ಅಧಿಕಾರಿಣಿ ಮೆಲ್ಲಗೆ ಕೇಳಿದಳು. ಗಾಳದ ಸೀಸ ಅಂತ ಬರೆಯಿರಿ, ಇವರದು, ಇವರು ವಾಪಸ್ ಹೋಗುತ್ತಾರೆ, ನಾನು ಒಬ್ಬಳೇ ಆಚೆ ಹೋಗುವವಳು ಎಂದೆ. ಅಲ್ಲಿಂದಲೇ ಐರೀನ್‌ಗೆ ಫೋನ್ ಮಾಡಿ ಚಿನ್ನ ಇಲ್ಲ ಎಂದು ಹೇಳಿದೆ. ಯಾವ ಚೌಕಿಯಲ್ಲಿದ್ದೀಯ ಎಂದು ಅವಳು ಕೇಳಿದಳು. ಆಮೇಲೆ, ಮನೆ ಹೋದರೆ ಹೋಯಿತು, ಕಾರು ತರುತ್ತೇನೆ, ಅಲ್ಲೇ ಇರು ಎಂದಳು.

ಲೈಲ್ ಆ ಬಿಲ್ಲೆಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬುತ್ತಿದ್ದ. ನಾನು ನನ್ನ ಚೀಲ ಎತ್ತಿಕೊಂಡೆ.

"ಮುಚ್ಚಳ ಭದ್ರವಾಗಿ ಹಾಕು ಲೈಲ್," ಎಂದೆ. "ಬೆಲೆ ಇಳಿದುಬಿಡುತ್ತೆ."

ಅವನು ನಿಜವಾಗಿಯೂ ಮುಚ್ಚಳ ಹಾಕಿ, ಕತ್ತರಿಸಿದ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತತೊಡಗಿದ.