ಕುಬಸದ ಟೇಪು

ನಮ್ಮಪ್ಪ ಗೋಣೆಪ್ಪಗ ಏನಾರ ಹೇಳೋದಂದ್ರ ಗ್ವಾಡಿ ಮುಂದ ಮಾತಾಡಿದಂಗ. "ಮುಟ್ಟಬ್ಯಾಡೋ ಯಪ್ಪಾ" ಅಂದ್ರ, "ನಾ ಏನ್ ತೊಟ್ಟಲ ಕೂಸೇನ?" ಅಂತ ನನಗ ತಿರುಗಿ ಬೀಳ್ತಾನ. ಸಾಕಾಗೇತಿ ನನಗ.

ನನ್ನ ಹಡದ ದಿನಾನ ಅವ್ವ ಮಾದೇವಿ ತೀರಿಕೊಂಡ್ಳು. ಆಕಿ ದನಿ ಹೆಂಗಿತ್ತಂತ, ತಲಿ ಬೆಳ್ಳಗಾದ್ರೂ ನನಗ ಗೊತ್ತಿಲ್ಲ. ಆದ್ರ ಆಕಿ ಕುಬಸದಾಗ, ಅದ ಸೀಮಂತದಾಗ, ನಾ ಇನ್ನಾ ಹೊಟ್ಟ್ಯಾಗಿದ್ದಾಗ, ಸವಣೂರಿನ ಮೈಕ್‌ಸೆಟ್ ನಬೀಸಾಬ ನಮ್ಮ ಹಿರೇಬೆಂಡಿಗೇರಿಗೆ ಬಂದು ಹೆಣ್ಮಕ್ಕಳ ಹಾಡು, ಒಡಪು ಎಲ್ಲಾ ದೊಡ್ಡ ಚಕ್ರದ ಟೇಪಿನ್ಯಾಗ ಹಿಡಿದಿದ್ದ. ಆ ಟೇಪು ಅಪ್ಪನ ಟ್ರಂಕಿನ್ಯಾಗ ಅವ್ವನ ಸೀರಿ ಕೆಳಗ ಇತ್ತು. ಹಚ್ಚಿ ಕೇಳಾಕ ಮಶೀನ್ ಇರಲಿಲ್ಲ.

ನಬೀಸಾಬ ತೀರಿಕೊಂಡಮ್ಯಾಲೆ ಅವನ ಮಗ ಫಯಾಜಣ್ಣ ಅದ ಮಶೀನ್ ಮಾರಾಕತ್ತಾನ ಅಂತ ತಿಳೀತು. ಅಪ್ಪನ್ನ ಕರಕೊಂಡು ಸವಣೂರಿಗೆ ಓಡಿದೆ. ಅಪ್ಪ ಟೆಂಪೋದಾವನ ಜೋಡಿ ಹೊರಗ ಜಗಳಾ ಮಾಡಾಕತ್ತಿದ್ದ. ಒಳಗ ಫಯಾಜಣ್ಣ ತಾಡಪತ್ರಿ ಸರಿಸಿ ಸ್ವಿಚ್ ಹಾಕಿದ. ಮಶೀನ್ ಗುಂಯ್ ಅಂತು, ಸುಟ್ಟ ಧೂಳಿನ ವಾಸನಿ ಬಂತು.

ಒಂದು ಕೆಂಪು ಗುಂಡಿ ಮ್ಯಾಲೆ ಅಂಟುಪಟ್ಟಿ ಹಚ್ಚಿತ್ತು. "ಇದರ ಮುಚ್ಚಳ ಮುರದೈತಿ ತಂಗಿ. ಪಟ್ಟಿ ಕೀಳಬ್ಯಾಡ. ಒತ್ತಿದ್ರ ಹಳೇದನ್ನ ಅಳಿಸಿ ಹೊಸ ಮಾತು ಹಿಡಿತೈತಿ. ಅಳಿಸಿದ್ದು ಆ ಅಲ್ಲಾ ಬಂದ್ರೂ ತಿರುಗಿ ಬರಂಗಿಲ್ಲ" ಅಂದ.

ದೀಪಾ ಹಚ್ಚೋ ಹೊತ್ತಿಗೆ ಮಶೀನ್ ತಗೊಂಡು ಮನಿ ಮುಟ್ಟಿದ್ವಿ. ಅಪ್ಪ ಮಶೀನಿಗೆ ವಿಭೂತಿ ಹಚ್ಚಿ ಕಾಯಿ ಒಡದ. ಟೇಪು ಹಚ್ಚಿದೆ. ಅಬ್ಬಬ್ಬಾ, ಹಾಡೇನು, ಕ್ಯಾಕಿ ಏನು! ಆಮ್ಯಾಲೆ ಹೆಣ್ಮಕ್ಕಳೆಲ್ಲಾ, "ಏ ಗೋಣೆಪ್ಪಾ, ಒಡಪು ಹಾಕಿ ಹೆಂಡ್ತಿ ಹೆಸರು ಹೇಳೋ!" ಅಂತ ಗಂಟ ಬಿದ್ರು. "ಓಡಿ ಹ್ವಾದ ನೋಡ್ರೇ!" ಅಂತ ಒಬ್ಬಾಕಿ ಚೀರಿದ್ಳು. "ಹೋಗ್ಲಿ ಬಿಡು, ಮಾದೇವಿ, ನೀ ಹೇಳವಾ." ಯಾರೋ ಸಣ್ಣಗ ಗಂಟಲಾ ಸರಿ ಮಾಡಿಕೊಂಡ್ರು.

ಕರೆಂಟ್ ಹೋತು. ಹಾಳಾದ್ದು!

ಕತ್ತಲದಾಗ ಅಪ್ಪ ಅಂದ, "ನಾಚಿಕಿ ಬಂದಿತ್ತವಾ. ಆಕಿ ಹೆಸರು ಹೇಳಲಾರದ ಓಡಿದ್ದೆ. ಆಮ್ಯಾಲೆ ಹೇಳೋಣಂದ್ರ ಆಕಿನ ಇರಲಿಲ್ಲ." ಮಶೀನ್ ಮ್ಯಾಲೆ ಕೈಯಾಡಿಸಿ, "ಆ ಕೆಂಪು ಗುಂಡಿ ಯಾತಕ್ಕ ಐತಿ?" ಅಂದ.

"ಮಾತು ಹಿಡಿಯಾಕ. ನೀ ಅದರ ಸುದ್ದಿಗೆ ಹೋಗಬ್ಯಾಡ" ಅಂತ ಹರಿಹಾಯ್ದೆ.

ಮುಂಜಾನೆ ನಾ ಹೊಂಡೋತನಕಾ ಕರೆಂಟ್ ಬರಲಿಲ್ಲ. ನನಗ ಶಿಗ್ಗಾವಿ ದವಾಖಾನ್ಯಾಗ ಡ್ಯೂಟಿ. "ಸಂಜೀಕ ಬಂದು ಮೊಬೈಲಿಗೆ ಇಳಿಸಿಕೊಳ್ತೇನಿ, ಅಲ್ಲೀಮಟಾ ಮುಟ್ಟಬ್ಯಾಡ" ಅಂತ ಬಸ್ ಹತ್ತೋತನಕಾ ಹೇಳಿದೆ. ಇಡೀ ದಿನ ಕೆಲಸದಾಗ ಮನಸ್ಸು ನಿಲ್ಲಲಿಲ್ಲ.

ಸಂಜೀಕ ಬಂದ್ರ ಅಪ್ಪ ಹೊಸಾ ಧೋತ್ರ, ರುಮಾಲ ಸುತಗೊಂಡು ಮದುಮಗನಂಗ ಮಶೀನ್ ಮುಂದ ಕುಂತಿದ್ದ. ಕೈಯಾಗ ಮಶೀನಿನ ಜೋಡಿ ಬಂದಿದ್ದ ಮೈಕ್ ಇತ್ತು. ಫಯಾಜಣ್ಣ ಹಚ್ಚಿದ ಪಟ್ಟಿ ಹೊಸ್ತಿಲದಾಗ ಉಂಡಿ ಆಗಿ ಬಿದ್ದಿತ್ತು.

"ಹೇಳಿಬಿಟ್ಟೆ ಸುನಿತಾ! ಹೆಣ್ಮಕ್ಕಳು ಕೇಳಿದ ಕೂಡ್ಲೆ ಗುಂಡಿ ಒತ್ತಿ ಹೇಳಿಬಿಟ್ಟೆ. ಆಕಿ ಒಡಪು ಬರತೈತಿ ಅಂತ ಟೇಪು ತೀರೋತನಕಾ ಕುಂತೆ. ಬರಲೇ ಇಲ್ಲ ನೋಡು. ನೀ ಹಚ್ಚು, ನಿನಗ ಬರಬಹುದು."

ಟೇಪು ಹಿಂದಕ್ಕ ಸುತ್ತಿ ಹಚ್ಚಿದೆ.

"ಏ ಗೋಣೆಪ್ಪಾ, ಒಡಪು ಹಾಕಿ ಹೆಂಡ್ತಿ ಹೆಸರು ಹೇಳೋ!"

ಖಟ್ ಅಂತು. ಆಮ್ಯಾಲೆ ಅಪ್ಪನ ಮುದಿ ದನಿ: "ಹಂಚಿನ ಮ್ಯಾಲ ರೊಟ್ಟಿ, ಕೊಡದಾಗ ನೀರು, ಮನಿ ತುಂಬ ಬೆಳಕು ನನ್ನ ಮಾದೇವಿ."

ಅಲ್ಲಿಂದ ಮುಂದ ಬರೇ ಗುಂಯ್ ಸಪ್ಪಳ. ಅಪ್ಪ ಉಸರಾಡೋದು, ಹಿತ್ತಲದಾಗ ಎಮ್ಮಿ ಒದರೋದು. ನಡುವ ಒಮ್ಮೆ ಮೆಲ್ಲಗ, "ಈಗ ನಿನ್ನ ಪಾಳಿ, ಹೇಳು" ಅಂದಿದ್ದ. ಮತ್ತ ಗುಂಯ್. ಟೇಪು ತೀರಿ ಅದರ ತುದಿ ಪಟಪಟ ಬಡಿಯಾಕತ್ತಿತು.

ಅಪ್ಪ ನನ್ನ ಮಾರೀನ ನೋಡಾಕತ್ತಿದ್ದ.

"ಬಂತೇನವಾ?" ಅಂದ.