ಮೂವತ್ತೆರಡು ಡಿಗ್ರಿ

ಗೌರೀಶ ಸರ್ ಹಾರ ಹಾಕಿದ್ದು ಹೆಣಕ್ಕೆ, ಮುಖ ತಿರುಗಿಸಿದ್ದು ಮೊಬೈಲ್ ಹಿಡಿದವನ ಕಡೆಗೆ. ರತ್ನಮಾಲಾ ಹೆಗಲ ಚೀಲ ಸರಿಮಾಡಿಕೊಂಡು ಮುಂದೆ ಬಂದಳು.

ಖಾನಾಪುರದ ಮನೆಯ ಪಡಸಾಲೆಯಲ್ಲಿ ಉಳವಪ್ಪನನ್ನು ವಿಭೂತಿ ಹಚ್ಚಿ ಕೂರಿಸಿದ್ದರು. ಮಾಗಿಯ ಚಳಿ. ಬೆಳಗಾವಿಯ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಅವನು ಮೂವತ್ತು ವರ್ಷ ಜವಾನ; ಗೌರೀಶ ಸರ್ ಅಲ್ಲಿಯ ಪ್ರಾಧ್ಯಾಪಕರು.

"ಭಾಳ ಚೊಲೋ ಮನಷ್ಯಾರಿ," ಸರ್ ನೆರೆದವರಿಗೆ ಹೇಳಿದರು. "ನನ್ನ ಜೆಲ್ ಸಂಶೋಧನಾಕ್ಕ ಪ್ರಶಸ್ತಿ ಬಂತಲ್ಲ, ಆವಾಗ ಬಾಟ್ಲಿ ತೊಳದು ಕೊಡತಿದ್ದವ ಇವನ."

"ಬರೇ ಬಾಟ್ಲಿ ಏನ್ರಿ ಸರ್?" ರತ್ನಮಾಲಾ ಕೇಳಿದಳು.

"ಮತ್ತೇನವಾ? ಚಾನೂ ತರತಿದ್ದ."

*

ಹನ್ನೆರಡು ವರ್ಷದ ಹಿಂದಿನ ಏಪ್ರಿಲ್. ರತ್ನಮಾಲಾ ಆಗ ಸರ್ ಕೈಕೆಳಗಿನ ಸಂಶೋಧಕಿ. ಎಷ್ಟು ಸಲ ಮಾಡಿದರೂ ಜೆಲ್, ನೀರು ಹಿಡಿದಿಡುವ ಆ ಮೆತ್ತನೆಯ ಲೋಳೆ, ಗಾಜಿನಂತೆ ತಿಳಿಯಾಗದೆ, ಹುಟ್ಟುತ್ತಲೇ ಹಾಲಿನಂತೆ ಬೆಳ್ಳಗಾಗುತ್ತಿತ್ತು. ತಂಪು ಮಾಡುವ ಯಂತ್ರ ಕೆಟ್ಟು ಕೂತಿತ್ತು. ಉಳವಪ್ಪ ಊರಿಂದ ಹೊಸ ಮಡಕೆ ಹೊತ್ತು ತಂದು, ನೀರು ತುಂಬಿ, ಗಾಜಿನ ಕೊಳವೆಗಳನ್ನು ಅದರೊಳಗೆ ಇಳಿಬಿಟ್ಟ. ಮರುದಿನ ಜೆಲ್ ಸ್ಫಟಿಕ!

"ಹೆಂಗ ಹೊಳೀತು ಉಳವಪ್ಪಣ್ಣಾ?"

"ಮೂವತ್ತೆರಡು ಡಿಗ್ರಿ ದಾಟಬಾರದು ಅಂತ ನೀವ ಅಂತಿದ್ರೆಲ್ಲರಿ ಅಕ್ಕಾರ." ಆಮೇಲೆ ಇಲ್ಲದ ಕನ್ನಡಕ ಏರಿಸಿ, ಸರ್ ಧ್ವನಿಯನ್ನೇ ತೆಗೆದ: "ತಂಪಿನ್ಯಾಗ ಇದರ ಎಳಿಗೋಳು ನೀರಿನ ಕೈ ಹಿಡಕೊಂಡಿರತಾವು. ಕಾವು ಏರಿತೋ, ನೀರಿನ ಕೈ ಬಿಟ್ಟು ತಮ್ಮತಮ್ಮೊಳಗ ತಬ್ಬಕೋತಾವು. ಜೆಲ್ ಕುಗ್ಗತೈತಿ, ಬೆಳ್ಳಗಾಗತೈತಿ, ನೀರು ಹೊರಗ!"

ಬಾಗಿಲಲ್ಲಿ ನಿಂತಿದ್ದ ಸರ್ ನಗಲಿಲ್ಲ.

ಪ್ರಬಂಧದಲ್ಲಿ 'ತಾಪ ನಿಯಂತ್ರಿತ ಜಲಪಾತ್ರೆ' ಎಂದು ಬಂತು. ಮಡಕೆಯೂ ಇಲ್ಲ, ಮಡಕೆ ತಂದವನೂ ಇಲ್ಲ. ಟೈಪ್ ಮಾಡಿದ ಬೆರಳು ರತ್ನಮಾಲಾಳವೇ.

*

ಅವೇ ಬೆರಳುಗಳು ಈಗ ಚೀಲದಿಂದ ತಣ್ಣೀರಿನ ಡಬ್ಬಿ ತೆಗೆದವು. ಒಳಗೆ ತಿಳಿಯಾದ ಎರಡು ಗುಂಡು.

"ಮಡಕ್ಯಾಗ ಮಾಡೇನ್ರಿ ಸರ್, ಉಳವಪ್ಪಣ್ಣ ಕಲಿಸಿದಂಗ. ಒಂದು ಮುಷ್ಟ್ಯಾಗ ಹಿಡೀರಿ."

ನಾಲ್ಕು ಮಂದಿ ನೋಡುತ್ತಿದ್ದರು, ಸರ್ ಹಿಡಿದರು. ಸ್ವಲ್ಪ ಹೊತ್ತಿಗೆ ಮುಷ್ಟಿಯ ಕಾವಿಗೆ ಬೆರಳ ಸಂದಿಯಿಂದ ನೀರು ಸೋರಿ, ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಬೀಳಬಾರದ ಜಾಗದಲ್ಲೇ ಬಿತ್ತು. ಮುಷ್ಟಿ ಬಿಚ್ಚಿದರೆ ಬೆಳ್ಳಗೆ ಮುರುಟಿದ ಗುಂಡು. ಹೆಣದ ಮುಂದೆ ಕೂತಿದ್ದ ಭಜನೆಯವರು ಕಿಸಕ್ಕೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಸರ್.

ಉಳವಪ್ಪನ ಹೆಂಡತಿ ಶಿವಬಸವ್ವ ನಗಲಿಲ್ಲ. "ಮಡಕ್ಯಾಗ ಇದನ್ನ ಮೊದಲ ಮಾಡಿದವ್ರು ಯಾರ್ರಿ ಸರ್? ಮಂದಿ ಮುಂದ ಹೇಳ್ರೆಲ್ಲ."

ಸರ್ ನಗುತ್ತಲೇ ಇದ್ದರು.

ಶಿವಬಸವ್ವ ಇನ್ನೊಂದು ಗುಂಡನ್ನು ಗಂಡನ ತಣ್ಣಗಾದ ಬಲ ಅಂಗೈಯಲ್ಲಿಟ್ಟಳು. ಹೆಗಲು ಕೊಡುವವರು ಬಂದು ನಿಂತರೂ ಅದರಿಂದ ಒಂದು ಹನಿ ಸೋರಿರಲಿಲ್ಲ. ರತ್ನಮಾಲಾ ಬಗ್ಗಿ ನೋಡಿದಳು. ಗುಂಡು ತಿಳಿಯಾಗಿಯೇ ಇತ್ತು. ಅದರೊಳಗೆ ಬಾಗಿಲಿನ ಬೆಳಕು. ಆ ಬೆಳಕಿನಲ್ಲಿ ಗೌರೀಶ ಸರ್, ಅಂಗುಷ್ಠದಷ್ಟೇ, ತಲೆಕೆಳಗಾಗಿ ನಗುತ್ತಿದ್ದರು.