ಅಂಟಿಸಿದ ಬ್ರೇಕ್ ಪೆಡಲ್

ಬೂಟು ರಿಪೇರಿ ಅಂಗಡಿ ಇಟ್ಟಿರುವ ನಮ್ಮ ಮನೆಯವರಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು. ಎರಡೇ ಸೀಟಿನ, ಗೇರ್ ಹಾಕಿ ಓಡಿಸುವ ಹಳೇ ಕಾರೊಂದನ್ನು ತಂದ ಮೇಲೆ ಒಂದು ಗಳಿಗೆ ಸುಮ್ಮನೆ ಕೂತವರಲ್ಲ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಕಾಲು ಕ್ಲಚ್ ತುಳಿಯುತ್ತಿರುತ್ತದೆ.

ಪೆಡಲ್‌ಗಳ ರಬ್ಬರು ಸವೆದು ನುಣ್ಣಗಾಗಿತ್ತು. ಕಾಲು ಜಾರುತ್ತಿದ್ದದ್ದು ನಿಜ, ಬದಲಾಯಿಸಬೇಕಾದದ್ದೂ ನಿಜ. ಇವರು ಫಳಫಳ ಹೊಳೆಯುವ ಅಲ್ಯೂಮಿನಿಯಂ ತಗಡುಗಳನ್ನು ತಂದರು. ಜೊತೆಗೆ ಬಂದ ಬೋಲ್ಟುಗಳನ್ನು ಮುಟ್ಟಲೇ ಇಲ್ಲ. ಬೂಟಿನ ಅಟ್ಟೆಗೆ ಹಚ್ಚುವ ಅಂಟನ್ನು ಹಳೇ ರಬ್ಬರಿನ ಮೇಲೇ ಬಳಿದು ಮೂರನ್ನೂ ಅಂಟಿಸಿಬಿಟ್ಟರು. ತಾವು ಅಂಟಿಸಿದ ಅಟ್ಟೆ ಇವತ್ತಿನವರೆಗೆ ಕಿತ್ತು ಬಂದಿಲ್ಲ ಎಂಬ ಜಂಬ ಬೇರೆ.

ಮರುದಿನ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಗುಡ್ಡದ ರಸ್ತೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೊರಗೆ ಓಡಾಡಿದೆ, ಒಗೆದ ಬಟ್ಟೆಯನ್ನೇ ಮತ್ತೆ ನೆನೆಹಾಕಿದೆ. ಕೊನೆಗೆ ಗ್ಯಾರೇಜಿನಲ್ಲಿ ಬ್ರೇಕ್ ಕೆಲಸ ಮಾಡುವ ನಮ್ಮ ಅಕ್ಕನಿಗೆ ಫೋನ್ ಮಾಡಿದೆ.

ಬೆಳಿಗ್ಗೆ ಅಕ್ಕ ಬರುವಷ್ಟರಲ್ಲಿ ಮಗಳು ಬೆಲ್ಟ್ ಹಾಕಿ ಕಾರಿನಲ್ಲಿ ಕೂತಾಗಿತ್ತು. ಇವರಿಗೋ ಹೊರಡುವ ಆತುರ. ಅಕ್ಕ ಬಗ್ಗಿ ಪೆಡಲ್ ನೋಡಿದಳು, ಬೈಯಲಿಲ್ಲ.

"ಎಂಜಿನ್ ಆನ್ ಮಾಡ್ಬೇಡಿ. ಎದುರಿಗೆ ಯಾರೋ ಅಡ್ಡ ಬಂದ್ರು ಅಂದ್ಕೊಂಡು ಬ್ರೇಕ್ ಒತ್ತಿ, ನೋಡೋಣ," ಅಂದಳು.

"ನನ್ನ ಅಂಟಿನ ಮೇಲೇ ಅನುಮಾನಾನಾ ಅತ್ತಿಗೆ?" ಎಂದು ನಗುತ್ತಲೇ ಇವರು ಒತ್ತಿದರು. ಎರಡು ಸಲ ಏನೂ ಆಗಲಿಲ್ಲ. ಮೂರನೇ ಸಲ ಬಲವಾಗಿ ತುಳಿದರು. ತಗಡು ಪಕ್ಕಕ್ಕೆ ಸರಿಯಿತು. ಅದರ ಜೊತೆಗೆ ಕಾಲೂ ಜಾರಿ ಆಕ್ಸಿಲರೇಟರ್ ಮೇಲೆ ಬಿದ್ದು, ಅದನ್ನು ತಳದವರೆಗೂ ಒತ್ತಿಬಿಟ್ಟಿತು.

ಕಾರು ನಿಂತಲ್ಲೇ ಇತ್ತು. ಇವರು ಪಕ್ಕದ ಸೀಟಿನ ಕಡೆ ತಿರುಗಿ ನೋಡಿದರು.

"ಬೂಟಿನ ಮೇಲೆ ಭಾರ ನೇರವಾಗಿ ಬೀಳುತ್ತೆ. ಪೆಡಲ್ಲನ್ನ ಕಾಲು ಓರೆಯಾಗಿ ತಳ್ಳುತ್ತೆ. ಬಿಸಿಲಲ್ಲಿ ನಿಂತ ಕಾರಲ್ಲಿ ಅಂಟು ಬೇರೆ ಮೆತ್ತಗಾಗುತ್ತೆ," ಎಂದಳು ಅಕ್ಕ.

ಇವರು ಮಗಳ ಬೆಲ್ಟ್ ಬಿಚ್ಚಿ, ಎತ್ತಿ ಕೆಳಗಿಳಿಸಿದರು. "ಅತ್ತಿಗೆ, ಸರಿಯಾಗಿ ಹೇಗೆ ಕೂರಿಸಬೇಕು, ಹೇಳ್ಕೊಡಿ," ಎಂದರು.

ಹಳೇ ರಬ್ಬರು ಕಿತ್ತು, ತಗಡುಗಳು ಆ ಕಾರಿಗೆ ಹೊಂದುತ್ತವೆ ಎಂದು ಖಚಿತ ಮಾಡಿಕೊಂಡು, ಅಕ್ಕ ಬೋಲ್ಟ್ ಹಾಕಿ ಬಿಗಿಸಿದಳು. ಬ್ರೇಕಿಗೂ ಆಕ್ಸಿಲರೇಟರಿಗೂ ನಡುವೆ ಸಾಕಷ್ಟು ಜಾಗವಿದೆಯೇ, ಮೂರೂ ತಳದವರೆಗೆ ಹೋಗಿ ತಾವಾಗಿಯೇ ಮೇಲೆ ಬರುತ್ತವೆಯೇ, ಕಾಲಡಿಯ ಮ್ಯಾಟು ಅಡ್ಡ ಸಿಗುತ್ತದೆಯೇ ಎಂದೆಲ್ಲ ಇವರ ಕೈಯಲ್ಲೇ ನೋಡಿಸಿದಳು. ಅಪ್ಪ ಮಗಳು ಗುಡ್ಡದ ರಸ್ತೆಗೆ ಮುಂದಿನ ವಾರ ಹೋದರು ಅನ್ನಿ.

ನೀವೂ ಪೆಡಲ್ ಬದಲಾಯಿಸಬೇಕೆಂದಿದ್ದೀರಾ? ಖಂಡಿತ ಬದಲಾಯಿಸಿ. ಆದರೆ ಅಂಟಿಸಬೇಡಿ. ನಿಮ್ಮ ಕಾರಿಗೆ ಹೊಂದುವುದನ್ನೇ ತಂದು, ತಿಳಿದವರ ಕೈಯಲ್ಲಿ ಬೋಲ್ಟ್ ಹಾಕಿಸಿ. ಎಂಜಿನ್ ಬಂದ್ ಮಾಡಿ, ಗಾಬರಿಯಲ್ಲಿ ತುಳಿಯುವಷ್ಟೇ ಜೋರಾಗಿ ಹತ್ತು ಸಲ ತುಳಿದು ನೋಡಿ. ಪಕ್ಕದ ಸೀಟು ಖಾಲಿ ಇರುವಾಗಲೇ ನೋಡಿ.